ಖಾಲಿ ಕರಟ

ಚನ್ನರಾಯಪಟ್ಟಣದಲ್ಲಿದ್ದಾಗ ನನ್ನ ಹಳೇ ಕಾರು ನಿಂತಲ್ಲೆಲ್ಲ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿತ್ತು. ನೆಂಟರ ಅಂಗಳದಲ್ಲೆಲ್ಲ ಕರಿ ಕಲೆ ಬಿಟ್ಟು ಬಂದು ಸಾಕಾಗಿ, ಒಂದು ಭಾನುವಾರ ಮನೆ ಮುಂದೆಯೇ ಅದರಡಿ ಮಲಗಿದೆ. ಎಂಜಿನ್ ತಳದ ಹಳೇ ಪ್ಯಾಕಿಂಗ್ ಕಿತ್ತು, ಹೊಸದು ಕೂರಿಸಿ, ಬೋಲ್ಟು ಬಿಗಿದೆ. ಸೋರುವುದು ನಿಂತಿತು.

ಮಾರನೇ ಬೆಳಗ್ಗೆ ಎದುರುಮನೆಯ ಎತ್ತಿನಗಾಡಿ ನಿಂಗೇಗೌಡರು ಖಾಲಿ ಕರಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏನ್ ಸಾ, ಕಾರಿಗೆ ಉಸಾರಿಲ್ವಾ? ಒಂದ್ ತೊಟ್ಟೂ ಬಿದ್ದಿಲ್ಲ."

ದಿನಾ ಕಾರಿನಡಿ ಕರಟವಿಟ್ಟು, ಬಿದ್ದದ್ದನ್ನು ಗಾಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಬಳಿಯುತ್ತಿದ್ದರಂತೆ!

"ನಾನೇ ರಿಪೇರಿ ಮಾಡ್ದೆ ಗೌಡ್ರೇ," ಎಂದೆ ಹೆಮ್ಮೆಯಿಂದ.

"ಚೆನ್ನಾಗಿದ್ದುದ್ನ ಯಾಕ್ ಕೆಡ್ಸಕ್ಕೋದ್ರಿ ಸಾ?" ಎಂದು ಬೇಜಾರಿನಲ್ಲೇ ಹೊರಟುಹೋದರು.

ಅಂದಿನಿಂದ ಅವರ ಗಾಡಿ ಕಿರುಗುಟ್ಟುತ್ತ ಬೀದಿಯನ್ನೆಲ್ಲ ಎಬ್ಬಿಸತೊಡಗಿತು. ಸಹಿಸಿಕೊಂಡೆ. ಆದರೆ ಅದೇ ವಾರ ಕಾರು ನುಗ್ಗೇಹಳ್ಳಿ ದಾರಿಯಲ್ಲಿ ಕೆಟ್ಟು ನಿಂತಾಗ, ಗಾಡಿಯ ಹಿಂದೆ ಹಗ್ಗ ಕಟ್ಟಿ ಎಳೆದು ತಂದವರು ಗೌಡರೇ. ದಾರಿಯುದ್ದಕ್ಕೂ ಅವರು ತುಟಿ ಬಿಚ್ಚಲಿಲ್ಲ. ಗಾಡಿಯೇ ಎಲ್ಲ ಮಾತಾಡಿತು.

ಕಾರು ಮತ್ತೆ ಓಡುವಂತಾದ ದಿನ ಸ್ಪ್ಯಾನರ್ ಹಿಡಿದು ಅದರಡಿ ನುಸುಳಿದೆ.

"ಮತ್ತೆ ಸೋರ್ತಾ ಇದ್ಯಾ?" ಎಂದಳು ಹೆಂಡತಿ.

"ಇನ್ನೂ ಇಲ್ಲ," ಎಂದೆ.