ಮೊದಲ ಪುಟದ ಪೆನ್ಸಿಲ್ ಬರಹ

ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ‘ಕೊಲೆಗಾರ ಅಡುಗೆಯವನು’ ಎಂದು ಪೆನ್ಸಿಲಿನಲ್ಲಿ ಬರೆದಿಡುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅನ್ನಪೂರ್ಣೇಶ್ವರಿ ನಗರದ ಕಡೆಯ ಒಂದು ಶಾಲೆಯಲ್ಲಿ ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆಂದು ಇಟ್ಟ ಆ ಪುಸ್ತಕಗಳಲ್ಲಿ ಪಾಳು ಬಂಗಲೆ, ಮಂಜು, ಮೇಲಿನ ಕಿಟಕಿಯಲ್ಲಿ ಕಂಡು ಮರೆಯಾಗುವ ಬಿಳಿ ಮುಖ, ಎಲ್ಲ ಇರುತ್ತವೆ. ಮಕ್ಕಳಿಗಿಂತ ಹೆಚ್ಚು ಅವನ್ನು ಓದುವವಳು ನಾನೇ. ನಗಬೇಡಿ, ಐವತ್ತು ದಾಟಿದ ಮೇಲೂ ಸಂಜೆ ವಿಜಯನಗರದ ಬಸ್ಸಿನಲ್ಲಿ ಕೂತು ಅವನ್ನು ಓದುತ್ತಾ ಎರಡು ಸಲ ಸ್ಟಾಪ್ ಮಿಸ್ ಮಾಡಿಕೊಂಡಿದ್ದೇನೆ.

ಅದಕ್ಕೇ ವಾಪಸ್ ಬಂದ ಪುಸ್ತಕವನ್ನು ಬೀರುವಿಗೆ ಸೇರಿಸುವ ಮೊದಲು ನಾನೇ ರಬ್ಬರ್ ಹಿಡಿದು ಕೂರುತ್ತಿದ್ದೆ. ಕೊಲೆಗಾರ ಯಾರೆಂದು ಕಣ್ಣಿಗೆ ಬಿದ್ದುಬಿಟ್ಟರೆ ಪುಸ್ತಕವೇ ಹಾಳು. ಹಾಗಾಗಿ ಮುಖ ಒಂದು ಕಡೆ ತಿರುಗಿಸಿ, ಅಕ್ಷರ ಓದದೆ, ಬರೀ ಕಪ್ಪು ಗೀಚು ಎಲ್ಲಿದೆಯೆಂದು ಅಂದಾಜು ಮಾಡಿ ಉಜ್ಜುವ ಕಲೆ ನನಗೆ ಸಿದ್ಧಿಸಿತ್ತು. “ಮೇಡಂ, ಕಣ್ಮುಚ್ಚಿ ಅಳಿಸ್ತೀರಲ್ಲ, ಸೂಪರ್!” ಎಂದು ಮಕ್ಕಳು ರೇಗಿಸುತ್ತಿದ್ದರು. ನಾನೂ ಬೀಗುತ್ತಿದ್ದೆ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಉತ್ತರ ಕರ್ನಾಟಕದ ಕಡೆಯವಳು. ಅವಳಪ್ಪ ನಾಯಂಡಹಳ್ಳಿಯ ಗೋಡೌನಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ. ವಾರಕ್ಕೆ ಒಂದೇ ಪುಸ್ತಕ ಎಂಬ ನಿಯಮವನ್ನು ನಾನು ಮುರಿದದ್ದು ಅವಳೊಬ್ಬಳಿಗಾಗಿ. ಪೋಷಕರ ಸಭೆಗೆ ಅವಳಪ್ಪ ಬಂದಾಗ, “ನೋಡಿ, ಈ ಹುಡ್ಗಿನ ಓದಿಸ್ಲಿಲ್ಲ ಅಂದ್ರೆ ನಾನೇ ನಿಮ್ಮನೆಗೆ ಬಂದು ಜಗಳ ಆಡ್ತೀನಿ” ಎಂದು ಗದರಿದ್ದೆ. ಪಾಪ, ಆತ ಎರಡೂ ಕೈ ಮುಗಿದು, “ಆತ್ರಿ ಮೇಡಂ, ಆತ್ರಿ” ಎಂದಿದ್ದ. ಪಕ್ಕದಲ್ಲಿ ನಿಂತಿದ್ದ ಅವಳ ಮುಖ ಅರಳಿದ್ದು ನನಗೆ ಇವತ್ತಿಗೂ ನೆನಪಿದೆ.

ಅವಳ ದೊಡ್ಡಪ್ಪನ ಮಗಳು, ಕೆಲವು ತಿಂಗಳಿಗೆ ತಂಗಿ, ಅವಳೂ ಅದೇ ತರಗತಿ. ಇಬ್ಬರ ಮನೆಯೂ ಒಂದೇ ವಠಾರದಲ್ಲಿತ್ತು. ಊಟಕ್ಕೆ, ನಲ್ಲಿಗೆ, ಲೈಬ್ರರಿಗೆ, ಎಲ್ಲಿಗೆ ಹೋದರೂ ಜೊತೆಗೇ. ಅಕ್ಕತಂಗಿಯರ ಪ್ರೀತಿ ಎಂದುಕೊಂಡಿದ್ದೆ. ಇವಳ ಮೇಲೆ ಕಣ್ಣಿಡಲು ಮನೆಯವರೇ ಅವಳಿಗೆ ಹೇಳಿದ್ದರೆಂದು ನನಗೆ ಹೊಳೆಯಲೇ ಇಲ್ಲ.

ವಾರ್ಷಿಕ ಪರೀಕ್ಷೆಗೆ ಎರಡು ವಾರವಿತ್ತು. ಹುಡುಗಿ ಒಂದು ಕಾದಂಬರಿ ಹಿಂತಿರುಗಿಸಿದಳು. ತೆರೆದರೆ ಮೊದಲ ಪುಟದ ತುಂಬ ಪೆನ್ಸಿಲ್ ಬರಹ. ಅಯ್ಯೋ ಇವಳೂ ಶುರುಮಾಡಿದಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಮುಖ ತಿರುಗಿಸಿ ಗಸಗಸ ಉಜ್ಜಿದೆ. ಅಗ್ಗದ ಕಾಗದ, ಒಂದು ಕಡೆ ಕಿತ್ತೇಹೋಯಿತು.

ಮಾರನೆಯ ದಿನ ತಂಗಿ ಬಾಗಿಲಾಚೆ ಚಪ್ಪಲಿಯ ಬಕಲ್ ಹಾಕಿಕೊಳ್ಳುತ್ತಿದ್ದಾಗ ಇವಳು ಸರಕ್ಕನೆ ನನ್ನ ಮೇಜಿನ ಬಳಿ ಬಂದಳು.

“ಮೇಡಂ, ಬುಕ್ಕಿನ್ಯಾಗ ನಾ ಬರದದ್ದು ನೋಡೀರೇನ್ರಿ?”

“ನೋಡ್ದೆ ಕಣೇ. ಎಲ್ಲಾ ಅಳಿಸಿ ಹಾಕಿದೀನಿ. ಈ ಸಲ ಬೈಯಲ್ಲ, ಇನ್ನೊಂದ್ಸಲ ಗೀಚಿದ್ರೆ ಪುಸ್ತಕಾನೇ ಕೊಡಲ್ಲ.”

“ಓದಿಲ್ಲೇನ್ರಿ?”

“ನಾನ್ಯಾಕೆ ಓದ್ಲಿ? ಕೊಲೆಗಾರ ಯಾರು ಅಂತ ಗೊತ್ತಾಗ್ಬಿಟ್ರೆ ಮಜಾ ಏನಿರುತ್ತೆ?”

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ತಂಗಿ ಒಳಗೆ ಇಣುಕಿದಳು. ಇಬ್ಬರೂ ಹೋದರು. ನಾನು ಮುಂದಿನ ಪುಸ್ತಕ ಎತ್ತಿಕೊಂಡೆ.

ಜೂನಿನಲ್ಲಿ ಶಾಲೆ ತೆರೆದಾಗ ತಂಗಿ ಒಬ್ಬಳೇ ಬಂದಳು. ಕೇಳಿದರೆ, “ಊರಾಗ ಅಜ್ಜಿ ಕಡೆ ಅದಾಳ್ರಿ. ಅಲ್ಲೇ ಸಾಲಿಗೆ ಹೋಗ್ತಾಳ” ಎಂದು ನೆಲ ನೋಡಿದಳು. ಆದರೆ ಆಫೀಸಿನಲ್ಲಿ ವಿಚಾರಿಸಿದರೆ ಯಾರೂ ಟಿ.ಸಿ. ತೆಗೆದುಕೊಂಡೇ ಇರಲಿಲ್ಲ. ಟಿ.ಸಿ. ಇಲ್ಲದೆ ಹತ್ತನೇ ತರಗತಿಗೆ ಯಾವ ಶಾಲೆಗೆ ಸೇರಿದಳು? ‘ಓದಿಲ್ಲೇನ್ರಿ?’ ಎಂಬ ಅವಳ ದನಿ ಕಿವಿಯಲ್ಲಿ ಕೇಳಿದಂತಾಯಿತು.

ಆ ಕಾದಂಬರಿಯನ್ನು ಹುಡುಕಿ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದರೆ ಅಕ್ಷರದ ಗುರುತುಗಳು ಕಾಗದದಲ್ಲಿ ತಗ್ಗಾಗಿ ಉಳಿದಿದ್ದವು. ಪಾಪದ್ದು, ಒತ್ತಿ ಒತ್ತಿ ಬರೆದಿತ್ತು. ಇಂಥ ಪುಸ್ತಕಗಳಲ್ಲೇ ಓದಿದ್ದ ಉಪಾಯ ನೆನಪಾಗಿ ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ಬಣ್ಣ ತುಂಬಿದಂತೆ ತೀಡಿದೆ. ಕಪ್ಪಿನ ನಡುವೆ ಬಿಳಿ ಅಕ್ಷರಗಳು ಒಂದೊಂದಾಗಿ ಎದ್ದವು.

‘ಮೇಡಂ, ಪರೀಕ್ಷೆ ಮುಗಿದ ಮೇಲೆ ನನ್ನನ್ನ ಊರಿಗೆ ಒಯ್ದು ಲಗ್ನ ಮಾಡ್ತಾರ. ನೀವು ನಮ್ಮಪ್ಪಗ ಬೈರಿ. ನಿಮ್ಮ ಮಾತು ಕೇಳ್ತಾನ. ಇವಳ ಮುಂದ ಹೇಳಬ್ಯಾಡ್ರಿ. ಊರು’

ಊರಿನ ಹೆಸರಿದ್ದ ಜಾಗದಲ್ಲಿ ಕಾಗದ ಕಿತ್ತುಹೋಗಿತ್ತು. ಕಿತ್ತವಳು ನಾನೇ. ನಾನು ಓದದೆ ಬಿಡಬಾರದೆಂದು ಅವಳು ಮೊದಲ ಪುಟದಲ್ಲೇ ಬರೆದಿದ್ದಳು. ನಾನು ದಿನವೂ ಕೈಯಿಡುವ ಪುಟ ಅದೆಂದು ಅವಳಿಗೆ ಗೊತ್ತಿತ್ತು; ನಿಜಕ್ಕೂ ಓದದೆ ಅಳಿಸುತ್ತೇನೆಂದು ಮಾತ್ರ ನಂಬಿರಲಿಲ್ಲವೇನೋ. ಥೂ ನನ್ನ ಜನ್ಮಕ್ಕೆ! ಬೀರುವಿನ ಹಿಂದೆ ನಿಂತು ಅತ್ತುಬಿಟ್ಟೆ.

ಹೆಡ್‌ಮೇಡಂ ಜೊತೆ ಹೋಗಿ ಮಕ್ಕಳ ಸಹಾಯವಾಣಿಯವರಿಗೆ ಎಲ್ಲ ಹೇಳಿದೆ. ಅವರು ಬಂದರು, ಬರೆದುಕೊಂಡರು. ವಠಾರದಲ್ಲಿ ಅವಳ ಮನೆಗೆ ಬೇರೆಯವರು ಬಂದಾಗಿತ್ತು. ಅಪ್ಪನ ಫೋನ್ ಸ್ವಿಚ್ ಆಫ್. ದೊಡ್ಡಪ್ಪ ಹೇಳಿದ ಊರಿನಲ್ಲಿ ವಿಚಾರಿಸಿದರೆ ಅಂಥ ಮನೆಯವರೇ ಇಲ್ಲವೆಂದರಂತೆ. “ಊರ ಹೆಸರು ಸರಿಯಾಗಿ ಸಿಕ್ರೆ ನಾಳೇನೇ ಹೋಗ್ತೀವಿ ಮೇಡಂ” ಎಂದರು ಅವರು. ಅವರ ತಪ್ಪೇನಿದೆ?

ಉಳಿದವಳು ತಂಗಿ ಒಬ್ಬಳೇ. ಒಂದು ಮಧ್ಯಾಹ್ನ ಅವಳನ್ನು ಕರೆದು ಕೂರಿಸಿ, ಪುಸ್ತಕವನ್ನು ಅವಳ ಮುಂದೆ ತೆರೆದಿಟ್ಟೆ. “ಓದು. ಅಲ್ಲಿ ಕಿತ್ತುಹೋಗಿದ್ಯಲ್ಲ, ಆ ಊರ ಹೆಸ್ರು ಹೇಳು ಸಾಕು. ಇನ್ನೇನೂ ಕೇಳಲ್ಲ” ಎಂದೆ. ಅವಳು ಬೆರಳಿಟ್ಟು ಓದಿದಳು. ‘ಇವಳ ಮುಂದ ಹೇಳಬ್ಯಾಡ್ರಿ’ ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು.

“ನಾ ಹೇಳಿದೆ ಅಂತ ಗೊತ್ತಾದ್ರ ನನ್ನೂ ಕರ್ಕೊಂಡ್ ಹೋಗ್ತಾರ್ರಿ ಮೇಡಂ” ಎಂದಳು. “ನಾ ಹತ್ತನೇತ್ತಾ ಮುಗಸಬೇಕ್ರಿ.”

ಯಾರಿಗೂ ತಿಳಿಯದಂತೆ ನೋಡಿಕೊಳ್ಳುತ್ತೇನೆ ಎನ್ನಲು ಬಾಯಿ ತೆರೆದೆ. ನನ್ನನ್ನು ನಂಬಿ ಬರೆದವಳ ಗತಿ ಮೇಜಿನ ಮೇಲೆ ಅವಳ ಕಣ್ಣೆದುರಿಗೇ ಇತ್ತು.

ಅವಳು ನನ್ನ ರಬ್ಬರನ್ನು ತಾನೇ ಎತ್ತಿಕೊಂಡು ಆ ಪುಟವನ್ನು ಉಜ್ಜತೊಡಗಿದಳು. ಮುಖ ತಿರುಗಿಸಲಿಲ್ಲ. ಒಂದೊಂದೇ ಸಾಲು ಓದುತ್ತಾ, ಅಳುತ್ತಾ, ಅಳಿಸಿದಳು. ನಾನು ತಡೆಯಲಿಲ್ಲ.