ಮೊಮ್ಮಗಳ ಜಿಯು-ಜಿಟ್ಸುವಿಗೆ ಜೋಡಿಯಾಗಿ ಹೋದದ್ದು

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅರವತ್ತು ದಾಟಿದ ಮೇಲೆ ಮತ್ತೆ ಕ್ಲಾಸಿಗೆ ಸೇರಿದೆ. ಕುಂದಾಪುರದಲ್ಲಿ, ಜಿಯು-ಜಿಟ್ಸು ಎಂಬ ಕುಸ್ತಿಗೆ. ಆಸೆಯಿಂದಲ್ಲ. ಮೊಮ್ಮಗಳಿಗೆ ಜೋಡಿ ಬೇಕಿತ್ತು.

ಅವಳು ಗಂಗೊಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವಳು. ಒಂದು ದಿನ ನೂಕುನುಗ್ಗಲಲ್ಲಿ ಯಾವನೋ ಹಿಂದಿನಿಂದ ಕೈ ಹಾಕಿದ. ಇವಳಿಗೆ ಕೂಗಲು ಬಾಯಿ ಬರಲಿಲ್ಲ. ವಾರವಾದರೂ ಬಸ್ಸು ಹತ್ತಲಿಲ್ಲ. ಓದು ಅಲ್ಲಿಗೇ ನಿಂತಿತು ಎಂದುಕೊಂಡೆ. ಅಷ್ಟರಲ್ಲಿ ಅವಳೇ ಈ ಕ್ಲಾಸಿನ ಸುದ್ದಿ ತಂದಳು. ಮೈಮೇಲೆ ಬಿದ್ದವನಿಂದ ಬಿಡಿಸಿಕೊಳ್ಳುವುದನ್ನು ಕಲಿಸುತ್ತಾರಂತೆ. ಅದನ್ನು ಕಲಿತರೆ ಬಸ್ಸು ಹತ್ತುತ್ತೇನೆ ಎಂದಳು.

ಅವಳಪ್ಪ, ಎಂದರೆ ನನ್ನ ಮಗ, ಮೀನು ಹಿಡಿಯುವ ಬೋಟಿಗೆ ಹೋಗುವವನು. ಕ್ಲಾಸಿನಲ್ಲಿ ಬೇರೆ ಹುಡುಗಿಯರಿಲ್ಲ ಎಂದು ಅವನಿಗೆ ಗೊತ್ತಾಯಿತು.

"ಗಂಡ್ಸರ್ ಮೈ ಮುಟ್ಕಂಡ್ ಹೊರಳುದೆಲ್ಲ ನಮ್ಮನೀಗ್ ಬ್ಯಾಡ."

"ಹಾಂಗಾರೆ ಅವ್ಳ್ ಸಂಗ್ತಿಗೆ ನಾ ಹೊರಳ್ತೆ," ಎಂದೆ.

"ನೀನಾ? ಸೊಂಟ ಮುರ್ದ್ರೆ ಯಾರ್ ಕಾಂಬುದ್?"

"ನೀ ಕಾಣ್ಬೇಡ ಮಾರಾಯ."

ನನ್ನ ಜೊತೆ ಮೀನು ಮಾರುವ ಹೆಂಗಸರಿಗೆ ಸುದ್ದಿ ಮುಟ್ಟಲು ಒಂದು ಬೆಳಿಗ್ಗೆ ಸಾಕಾಯಿತು. "ಹ್ವಾಯ್, ಪೈಲ್ವಾನ್ ಬಂತ್ ಕಾಣಿ! ಇನ್ ಬಂಗ್ಡಿ ಮೀನಿನ್ ದರ ಕೇಳುಕೂ ಹೆದ್ರಿಕಿ ಆತ್ತ್."

"ದೂರ ನಿಂತ್ಕಂಡ್ ಕೇಳ್," ಎಂದೆ.

ಮಗನ ಹಳೇ ಪ್ಯಾಂಟು ಹಾಕಿ, ಮೇಲೆ ಕ್ಲಾಸಿನವರು ಕೊಟ್ಟ ದಪ್ಪ ಬಿಳಿ ಅಂಗಿ ತೊಟ್ಟೆ. ಮೊದಲ ದಿನ ಬೀಳುವುದನ್ನೇ ಕಲಿಸಿದರು. ಗದ್ದವನ್ನು ಎದೆಗೊತ್ತಿ, ಬೆನ್ನು ದುಂಡಗೆ ಮಾಡಿ ಬೀಳಬೇಕು. ಮರುದಿನ ಕೂತರೆ ಏಳಲಾಗಲಿಲ್ಲ. ಕಲಿಸುವವರದು ಒಂದೇ ಕಟ್ಟಪ್ಪಣೆ: ನೋವಾದರೆ ಎದುರಿನವರ ಮೈಗೆ ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಅವರು ಬಿಡಬೇಕು.

ಅದು ನನಗೆ ಹಿಡಿಸಲಿಲ್ಲ. ನಲವತ್ತು ವರ್ಷ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು ನಾನು. ಕತ್ತು ಸಿಡಿಯುತ್ತಿದೆ ಎಂದು ಗಿರಾಕಿಗೆ ಗೊತ್ತಾದರೆ ಮುಗಿಯಿತು, ಮೀನು ಅವರು ಹೇಳಿದ ದರಕ್ಕೆ ಹೋಗುತ್ತದೆ. ಐಸು ಕರಗಿ ಬೆನ್ನಮೇಲೆ ನೀರಿಳಿಯುತ್ತಿದ್ದರೂ ಏನೂ ಅವಸರವಿಲ್ಲದವಳ ಹಾಗೆ ನಿಲ್ಲಬೇಕು. ನಮ್ಮ ಕಸುಬಿನಲ್ಲಿ 'ಸಾಕು' ಎಂದವಳು ಸೋತಳು.

ಎರಡು ತಿಂಗಳಲ್ಲಿ ಹುಡುಗಿ ಚಿಗುರಿದಳು. ನಾನು ಪಕ್ಕದಲ್ಲಿದ್ದರೆ ಬಸ್ಸಿನಲ್ಲಿ ತಲೆಯೆತ್ತಿ ನಿಲ್ಲುತ್ತಿದ್ದಳು. ಆಮೇಲೆ ಒಂದು ದಿನ ಕೈಯನ್ನು ಬೆನ್ನ ಹಿಂದಕ್ಕೆ ತಿರುಚುವ ಪಟ್ಟು ಬಂತು. ನನ್ನ ಬಲಗೈ ಅವಳ ಹಿಡಿತದಲ್ಲಿ.

"ಅಜ್ಜಿ, ನೋಯ್ತಾ?"

"ಎಂತದೂ ಇಲ್ಲ. ಎಳಿ ಹೆಣ್ಣೆ. ಊಟ ಮಾಡ್ಲಿಲ್ಯಾ?"

ಅವಳು ನಗುತ್ತಾ ಎಳೆದಳು. ನೋಯುತ್ತಿತ್ತು. ಎಡಗೈ ಖಾಲಿಯಿತ್ತು, ತಟ್ಟಬಹುದಿತ್ತು. ತಟ್ಟಲಿಲ್ಲ. ಒಣ ಸೌದೆ ಮುರಿದ ಹಾಗೆ ಭುಜದೊಳಗೆ ಸದ್ದಾಯಿತು.

ಅವಳು ಗೋಡೆಗೆ ಸರಿದು, ಎರಡೂ ಕೈಗಳನ್ನು ಕಂಕುಳಲ್ಲಿ ಹುಗಿದು ಕೂತಳು. ಕಲಿಸುವವರು ಬೈಯಲಿಲ್ಲ. "ಅಮ್ಮ, ನೀವ್ ತಟ್ದೇ ಇದ್ರೆ ಹಿಡ್ದವ್ರಿಗೆ ಗೊತ್ತಾಪುದ್ ಹ್ಯಾಂಗೆ?" ಎಂದರು.

ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಅವಳು ಕೇಳಿದ್ದು ಒಂದೇ ಮಾತು. "ನೀ ಎಂತಕ್ ಸುಳ್ಳ್ ಹೇಳ್ದೆ?"

"ಎಂತ ಮಹಾ ಆಯ್ತ್? ಸುಮ್ನಿರ್," ಎಂದು ಗದರಿದೆ. ಗದರಬಾರದಿತ್ತು.

ಡಾಕ್ಟರು ಕೈಯನ್ನು ಎದೆಗೆ ಕಟ್ಟಿದರು. ಇನ್ನು ಬುಟ್ಟಿ ಹೊರಬೇಡಿ ಎಂದರು. ಅದಾದರೆ ಆಯಿತು, ಹೊತ್ತದ್ದು ಸಾಕು. ಆದರೆ ಹುಡುಗಿ ಕ್ಲಾಸು ಬಿಟ್ಟಳು. ಜೋಡಿಯಿಲ್ಲ ಎಂದು ಬಿಟ್ಟಳೆಂದುಕೊಂಡು ಮಗನ ಹತ್ತಿರ ಜಗಳವಾಡಿ, ಗಂಡಸರ ಜೊತೆ ಕಲಿಯಲಿ ಎಂದು ಒಪ್ಪಿಸಿದೆ. ಅವನು ಒಪ್ಪಿದ. ಅವಳು ಒಪ್ಪಲಿಲ್ಲ.

"ನಾ ಹೋತಿಲ್ಲೆ. ಯಾರಿಗ್ ನೋವಾತ್ತ್, ಯಾರಿಗ್ ಆತಿಲ್ಲ, ನಂಗೆ ಗೊತ್ತಾತಿಲ್ಲ."

ಒಂದು ಮಧ್ಯಾಹ್ನ ಎಡಗೈ ಚಾಚಿ, "ಹಿಡಿ ಕಾಂಬ. ಈ ಸಲ ತಟ್ತೆ," ಎಂದೆ. ಹಿಡಿದಳು, ಬಳೆಗಾರ ಹಿಡಿಯುವಷ್ಟು ಮೆಲ್ಲಗೆ. ನಾನು ತಟ್ಟುವ ಮೊದಲೇ ಬಿಟ್ಟಳು.

ಈಗ ಅವಳು ಅಪ್ಪನ ಬೈಕಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವನು ಕಡಲಿಗೆ ಹೋದ ದಿನ ಮನೆಯಲ್ಲೇ ಇರುತ್ತಾಳೆ.