ನಾನು ಅಳಿಸಿದ ಬಿಳಿ ಚುಕ್ಕೆ

ಮ್ಯಾಕ್ರೊ ಫೋಟೊ ತೆಗೆಯಲು ತಾಳ್ಮೆ ಬೇಕು ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ನನ್ನ ಹತ್ತಿರ ಅದು ಯಾವತ್ತೂ ಇರಲಿಲ್ಲ. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಲೆನ್ಸೊಂದನ್ನು ಕೊಂಡು ನಲ್ಲೂರಿನ ಹುಣಸೆ ತೋಪಿಗೆ ಹೋದ ಮೊದಲ ಭಾನುವಾರವೇ ಇರುವೆಗಳ ಮೇಲೆ ಸಿಟ್ಟು ಬಂದಿತ್ತು. ಲೆನ್ಸಿಗೂ ಇರುವೆಗೂ ಎರಡು ಬೆರಳಿನಷ್ಟೇ ಅಂತರವಿರಬೇಕು, ಉಸಿರು ಬಿಗಿ ಹಿಡಿಯಬೇಕು. ಅಷ್ಟರಲ್ಲಿ ಗಾಳಿ ಬೀಸುತ್ತದೆ, ಇಲ್ಲವೇ ಇರುವೆ ತನ್ನ ಕೆಲಸಕ್ಕೆ ಹೊರಟುಹೋಗುತ್ತದೆ. ತೆಗೆದ ಫೋಟೊಗಳೆಲ್ಲ ಮಸುಕು. ನಿಂತಲ್ಲಿ ನಿಲ್ಲುವ ಒಂದು ಹುಳು ಈ ಸೀಮೆಯಲ್ಲಿ ಇಲ್ಲವೇ ಎಂದು ಬೈದುಕೊಳ್ಳುವಾಗ ಅಕ್ಕನ ರೇಷ್ಮೆ ಹುಳುಗಳು ನೆನಪಾದವು.

ದೇವನಹಳ್ಳಿಯ ನನ್ನ ಮನೆಯಿಂದ ಅಕ್ಕನ ಊರು ಬೈಕಿನಲ್ಲಿ ಅರ್ಧ ಗಂಟೆ. ಭಾವ ಸೊಂಟ ಹಿಡಿದು ಮಲಗಿದ್ದರಿಂದ ಆ ಸಲದ ರೇಷ್ಮೆ ಬೆಳೆಯನ್ನು ಅವಳೊಬ್ಬಳೇ ನಿಂತು ಸಾಕುತ್ತಿದ್ದಳು. ಹುಳು ಮನೆಯೊಳಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ. ಮುಂದಿನ ಭಾನುವಾರ ನಾನು ಹೋದಾಗ, ತಮ್ಮನಲ್ಲವೇ ಎಂದು ಕೈಕಾಲು ತೊಳೆಸಿ ಒಳಗೆ ಬಿಟ್ಟಳು.

“ಕಿಟಕಿ ಪರದೆ ಮಾತ್ರ ಮುಟ್ಬೇಡ ಕಣೋ. ಊಜಿ ನೊಣ ಒಂದು ಒಳಕ್ಕೆ ಬಂದ್ರೂ ಬೆಳೆ ಹೋಯ್ತದೆ,” ಎಂದು ಹೇಳಿ ಸೊಪ್ಪು ಕುಯ್ಯಲು ತೋಟಕ್ಕೆ ಹೋದಳು.

ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮೊಟ್ಟೆಯೊಡೆದು ಬಂದ ಮರಿ ಹುಳುವನ್ನು ಒಳಗಿನಿಂದ ತಿನ್ನುತ್ತದೆ. ಇದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಒಳಗೆ ಬೆಳಕು ಸಾಲದು. ತಟ್ಟೆಗಳಲ್ಲಿದ್ದ ಹುಳುಗಳ ಮೇಲೆಲ್ಲ ಆ ಬಲೆ ಪರದೆಯ ನೆರಳು. ಅದರ ಮೇಲೂ ಸಿಟ್ಟು ಬಂತು. ಒಂದು ಮೂಲೆಯ ದಾರ ಬಿಚ್ಚಿ ಪರದೆಯನ್ನು ಮೇಲೆತ್ತಿದೆ. ಆಗ ಬಂದ ಬೆಳಕು ಎಂಥದ್ದು! ಮೈಯ ಸುಕ್ಕು, ಪಕ್ಕೆಯ ಕಪ್ಪು ಉಸಿರು ತೂತುಗಳು, ಸೊಪ್ಪಿನ ಅಂಚು ಕಡಿಯುವ ಬಾಯಿ, ಎಲ್ಲವೂ ಲೆನ್ಸಿನಲ್ಲಿ ಕಂಡವು. ಅರ್ಧ ಗಂಟೆ ಕಳೆದದ್ದೇ ತಿಳಿಯಲಿಲ್ಲ. ಅಕ್ಕ ಬರುವಷ್ಟರಲ್ಲಿ ದಾರವನ್ನು ಮೊದಲಿನಂತೆ ಕಟ್ಟಿದೆ.

ಸಂಜೆ ಮನೆಯಲ್ಲಿ ನೋಡಿದರೆ, ಕೊನೆಯಲ್ಲಿ ತೆಗೆದ, ಎಲ್ಲಕ್ಕಿಂತ ಚೆಂದದ ಫೋಟೊದಲ್ಲೇ ಹುಳುವಿನ ಬೆನ್ನ ಮೇಲೊಂದು ಬಿಳಿ ಚುಕ್ಕೆ. ಲೆನ್ಸಿನ ಮೇಲಿನ ಧೂಳು ಅಂದುಕೊಂಡು ಲೆನ್ಸ್ ಮಾರಿದವನ ವಂಶವನ್ನೆಲ್ಲ ಬೈದೆ. ಮೊಬೈಲಿನಲ್ಲೇ ಬೆರಳಾಡಿಸಿ ಚುಕ್ಕೆಯನ್ನು ಅಳಿಸಿ, ಫೋಟೊದವರ ಗ್ರೂಪಿಗೆ ಹಾಕಿದೆ. “ಸೂಪರ್ ಗುರು” ಎಂದು ಹೊಗಳಿದರು. ಉಬ್ಬಿಹೋದೆ.

ಗುರುವಾರ ಅಕ್ಕ ಫೋನ್ ಮಾಡಿ ಕರೆಸಿದಳು. ಊಜಿ ಮರಿ ಹೊಕ್ಕಲ್ಲೆಲ್ಲ ಹುಳುಗಳ ಮೈಮೇಲೆ ಕಪ್ಪು ಮಚ್ಚೆ ಎದ್ದಿತ್ತು. ಅವನ್ನು ಒಂದೊಂದಾಗಿ ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದಳು.

“ಪರದೆ ಬಿಚ್ಚಿದ್ಯಾ?”

“ಇಲ್ಲ. ನಿನ್ ಪರದೆನೇ ಹಳೇದು, ಎಲ್ಲೋ ಹರಿದಿರ್ತದೆ. ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ.”

ಒಬ್ಬಳೇ ದುಡಿದು ಸೋತುಹೋಗಿದ್ದವಳಿಗೆ ಆ ಗಾದೆ ಹೇಳಿದ ನಾಲಿಗೆಯ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಅಷ್ಟಕ್ಕೇ ಬಿಡದೆ, ನಾನು ಬಂದ ದಿನ ಹುಳುಗಳು ಚೆನ್ನಾಗಿದ್ದವು ಎಂದು ಸಾಧಿಸಲು ಗ್ರೂಪಿಗೆ ಹಾಕಿದ್ದ ಫೋಟೊವನ್ನೇ ಅವಳ ಮುಖದ ಮುಂದೆ ಹಿಡಿದೆ.

ಅಕ್ಕ ಮೊಬೈಲ್ ಕಿತ್ತುಕೊಂಡು ಬೆರಳಿನಿಂದ ಸರಿಸಿದಳು. ಪಕ್ಕದಲ್ಲಿ ನಾನು ತಿದ್ದದ ಮೂಲ ಫೋಟೊ ಇತ್ತು. ದೊಡ್ಡದು ಮಾಡಿ ನೋಡಿದಳು.

“ಇದೇನೋ ಇದು?”

“ಧೂಳು.”

“ಮೊಟ್ಟೆ ಕಣೋ, ಊಜಿ ಮೊಟ್ಟೆ! ಅವತ್ತೇ ತೋರ್ಸಿದ್ರೆ ಅವತ್ತೇ ಔಷಧಿ ಹೊಡ್ದು ಉಳಿಸ್ಕೊತಿದ್ದೆ. ಅಳಿಸ್ಬಿಟ್ಟು ನಂಗೇ ತೋರಿಸ್ತೀಯಲ್ಲೋ!”

“ಪರದೆ ಬಿಚ್ಚಿದ್ದೆ ಅಕ್ಕ,” ಅಂದೆ.

ಅವಳು ನನ್ನ ಮುಖ ನೋಡಲಿಲ್ಲ. “ಆ ಕಿಟಕಿ ಪಕ್ಕದ ತಟ್ಟೆ ನೀನೇ ಆರ್ಸು,” ಅಂದಳು.

ಆರಿಸಲು ಕೂತೆ. ಆ ಮಚ್ಚೆಗಳನ್ನು ಕಾಣಲು ಯಾವ ಲೆನ್ಸೂ ಬೇಕಿರಲಿಲ್ಲ. ತಟ್ಟೆಯ ತಳ ಕಾಣುವವರೆಗೆ ಹುಡುಕಿದರೂ ಮಚ್ಚೆಯಿಲ್ಲದ ಒಂದು ಹುಳುವೂ ಸಿಗಲಿಲ್ಲ. ಅಂಥದ್ದೊಂದು ನನ್ನ ಮೊಬೈಲಿನಲ್ಲಿ ಮಾತ್ರ ಇತ್ತು.